ಹೊರೆಯೂ ಬೆನ್ನೂ: ನಾಲ್ಕು ತಾಲ್ಲೂಕುಗಳ ಸಾಗಣೆಯ ಚರಿತ್ರೆ

ಬೆಂಗಳೂರಿನಿಂದ ಹರಿಹರದ ಕಡೆಗೆ ಹೋಗುವ ರೈಲುದಾರಿಯೂ ಪುಣೆಯ ಹೆದ್ದಾರಿಯೂ ದಾವಣಗೆರೆ ಜಿಲ್ಲೆಯ ನಡುವೆ ಹಾದುಹೋಗುತ್ತವೆ. ಆ ಎರಡು ದಾರಿಗಳಿಂದಲೂ ದೂರವಾಗಿ, ದಕ್ಷಿಣದಲ್ಲಿ ಚನ್ನಗಿರಿಯೂ, ನೈರುತ್ಯದಲ್ಲಿ ಹೊನ್ನಾಳಿ ನ್ಯಾಮತಿಗಳೂ, ಪೂರ್ವೋತ್ತರದ ಬಯಲಿನಲ್ಲಿ ಜಗಳೂರೂ ನೆಲೆಸಿರುತ್ತವೆ. ಈ ನಾಲ್ಕು ಊರುಗಳಲ್ಲಿ ಯಾವುದಕ್ಕೂ ರೈಲುನಿಲ್ದಾಣವಿಲ್ಲ. ಚನ್ನಗಿರಿಯ ಅಡಿಕೆ, ಹೊನ್ನಾಳಿಯ ಭತ್ತ, ನ್ಯಾಮತಿಯ ಮೆಕ್ಕೆಜೋಳ, ಜಗಳೂರಿನ ಶೇಂಗಾ, ಹತ್ತಿ, ಈರುಳ್ಳಿ ಇವೆಲ್ಲವೂ ಹೊರಗಿನ ಪೇಟೆಗೆ ಹೋಗಬೇಕಾದರೂ, ಗೊಬ್ಬರ, ಸಿಮೆಂಟು, ಕಬ್ಬಿಣಗಳು ಹೊರಗಿನಿಂದ ಒಳಕ್ಕೆ ಬರಬೇಕಾದರೂ, ಎತ್ತಿನ ಬೆನ್ನು, ಬಂಡಿಯ ಅಚ್ಚು, ಲಾರಿಯ ಗಾಲಿ, ಇವುಗಳಲ್ಲೊಂದನ್ನು ಆಶ್ರಯಿಸದೆ ಆಯಾ ಕಾಲದಲ್ಲಿ ಗತ್ಯಂತರವಿರಲಿಲ್ಲ. ಆದುದರಿಂದ ಈ ಸೀಮೆಯಲ್ಲಿ ಸಾಗಣೆಯೆಂಬುದು ವ್ಯವಸಾಯದಷ್ಟೇ ಪುರಾತನವಾದ ಜೀವನೋಪಾಯವಾಗಿದ್ದು, ಹೊಲವಿಲ್ಲದವನಿಗೂ, ಹೊಲವಿದ್ದು ಮಳೆಯನ್ನು ಕಾಣದವನಿಗೂ ಅದೇ ಎರಡನೆಯ ಆಸರೆಯಾಗಿ ಬಂದಿದೆ.

ಸಾಗಣೆಯ ಚರಿತ್ರೆಯನ್ನು ಬರೆದವರು ಸರಕಿನ ತೂಕ, ಸುಂಕದ ಮೊತ್ತ, ರಸ್ತೆಯ ಉದ್ದ, ಯಂತ್ರದ ಶಕ್ತಿ ಇವುಗಳ ಲೆಕ್ಕವನ್ನು ಶ್ರದ್ಧೆಯಿಂದ ಇಟ್ಟಿದ್ದಾರೆ. ಆದರೆ ಆ ಸರಕನ್ನು ಎತ್ತಿ ಇಳಿಸಿದ, ಅದರೊಡನೆ ಹಗಲಿರುಳು ಕುಲುಕಿದ ಮನುಷ್ಯನ ಬೆನ್ನಿನ ಲೆಕ್ಕವನ್ನು ಇಟ್ಟವರು ಅತಿ ವಿರಳ. ಇಂದು ಈ ತಾಲ್ಲೂಕುಗಳ ಯಾವುದೇ ಹಳ್ಳಿಯಲ್ಲಿ, ಚೀಲ ಹೊತ್ತೋ ಗುದ್ದಲಿ ಹಿಡಿದೋ ಚಿಕ್ಕಂದಿನಲ್ಲಿಯೇ ನಡುನೋವನ್ನು ತಂದುಕೊಂಡ ತರುಣನೊಬ್ಬನು, ಕೂಲಿಯ ದುಡಿಮೆಗಿಂತ ಕುಳಿತು ಮಾಡುವ ಕೆಲಸವು ಮೇಲಲ್ಲವೆ ಎಂದು ಭಾವಿಸಿ ಲಾರಿಯ ಚಾಲಕವೃತ್ತಿಗೆ ಇಳಿಯಲು ಯೋಚಿಸುವುದು ಅಪರೂಪದ ಸಂಗತಿಯಲ್ಲ. ಅವನ ಆ ಭಾವನೆ ಎಷ್ಟರಮಟ್ಟಿಗೆ ನಿಜ, ಎಷ್ಟರಮಟ್ಟಿಗೆ ಅಪಾಯಕರ ಎಂಬುದನ್ನು ತಿಳಿಯಬೇಕಾದರೆ ಈ ವೃತ್ತಿಯ ಪೂರ್ವೋತ್ತರವನ್ನು ಬೆನ್ನಿನ ಕಡೆಯಿಂದ ವಿಚಾರಿಸಬೇಕಾಗುತ್ತದೆ.

ಮಧ್ಯಯುಗದ ಕನ್ನಡ ಶಾಸನಗಳಲ್ಲಿ ಅಯ್ಯಾವೊಳೆಯ ಐನೂರ್ವರೆಂಬ ವರ್ತಕಸಂಘದ ಹೆಸರನ್ನು ಕಾಣದವರಿಲ್ಲ. ಅವರ ಸರಕು ನಡೆದದ್ದು ಎತ್ತು, ಕೋಣ, ಕತ್ತೆಗಳ ಬೆನ್ನಿನ ಮೇಲೆ. ಆ ಸರಕಿನ ಮೇಲೆ ಅರಸರು ಎತ್ತಿದ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಮೊದಲಾದ ಸುಂಕಗಳ ಹೆಸರುಗಳೂ ಶಾಸನಗಳಲ್ಲಿಯೇ ಉಳಿದಿವೆ. ಕಾಲಾಂತರದಲ್ಲಿ ಈ ಕೆಲಸದ ಬಹುಭಾಗವು ಬಂಜಾರರೆಂದೂ ಕರೆಯುವ ಲಂಬಾಣಿಗಳ ಕೈಸೇರಿತು. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವು ಆ ಜನಾಂಗದ ಆರಾಧ್ಯಪುರುಷರಾದ ಸಂತ ಸೇವಾಲಾಲರ ಜನ್ಮಸ್ಥಳವೆಂದು ದೇಶದ ಅನೇಕ ಕಡೆಯ ಬಂಜಾರರು ನಂಬಿ, ಪ್ರತಿವರ್ಷ ಫೆಬ್ರವರಿಯಲ್ಲಿ ಅಲ್ಲಿಗೆ ಯಾತ್ರೆ ಬರುತ್ತಾರೆ; ಅವರು ಜನಿಸಿದ ವರ್ಷ 1739 ಎಂಬುದು ಪ್ರಚಲಿತವಾದ ಗಣನೆ. ಸಾವಿರಾರು ಎತ್ತುಗಳ ಹಿಂಡುಗಳನ್ನು ಹೊಡೆದುಕೊಂಡು, ಕರಾವಳಿಯ ಉಪ್ಪನ್ನು ಘಟ್ಟದ ಮೇಲಕ್ಕೂ, ಮೇಲಿನ ಧಾನ್ಯವನ್ನು ದೂರದ ಪೇಟೆಗಳಿಗೂ ಸಾಗಿಸುತ್ತಿದ್ದ ಈ ಜನರು ಸೈನ್ಯಗಳಿಗೂ ಅನಿವಾರ್ಯರಾಗಿದ್ದರು. 1791ರಲ್ಲಿ ಶ್ರೀರಂಗಪಟ್ಟಣದ ಮೇಲೆ ನಡೆದು ಬಂದ ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸನ ಸೈನ್ಯಕ್ಕೆ ಧಾನ್ಯ ಒದಗಿಸಿದವರೂ ಬಂಜಾರರೇ. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನನು, ವ್ಯಾಪಾರದ ಸರಕು ಬಹುಮಟ್ಟಿಗೆ ಹೇರೆತ್ತುಗಳ ಮೇಲೆಯೇ ಹೋಗುತ್ತಿದ್ದುದನ್ನು ತನ್ನ ಪ್ರವಾಸಕಥನದಲ್ಲಿ ಅಲ್ಲಲ್ಲಿ ದಾಖಲಿಸಿದ್ದಾನೆ.

ಈ ವ್ಯವಸ್ಥೆಯಲ್ಲಿ ಹೊರೆ ಬಿದ್ದುದು ಪಶುವಿನ ಬೆನ್ನಿಗೆ. ಇಕ್ಕೆಲಕ್ಕೂ ಸಮತೂಕವಾಗಿ ಇಳಿಬಿದ್ದ ಗೋಣಿಯ ಚೀಲಗಳನ್ನು ಬೆಳಿಗ್ಗೆ ಏರಿಸುವುದು, ಸಂಜೆ ಇಳಿಸುವುದು, ಇವೆರಡರಲ್ಲಿ ಮನುಷ್ಯನ ನಡುವಿಗೆ ಶ್ರಮವಿದ್ದಿತಾದರೂ, ಅವೆರಡರ ನಡುವಿನ ಇಡೀ ದಿನ ಅವನು ನಡೆಯುತ್ತಿದ್ದನು. ಎತ್ತಿನ ನಡೆಯೇ ಅವನ ನಡೆ. ಎತ್ತು ಬಳಲಿದಾಗ ಅವನಿಗೂ ವಿಶ್ರಾಂತಿ. ಬಿಸಿಲು ಏರಿದಾಗ ಇಬ್ಬರಿಗೂ ಮರದ ನೆರಳು. ಆ ಜೀವನದಲ್ಲಿ ಕ್ಷಾಮವಿತ್ತು, ಕಳ್ಳರ ಭಯವಿತ್ತು, ಜ್ವರವಿತ್ತು. ಅದನ್ನು ಸುವರ್ಣಯುಗವೆಂದು ಬಣ್ಣಿಸಲು ನನಗೆ ಮನಸ್ಸಿಲ್ಲ. ಆದರೂ ಸಾಗಣೆಗಾರನ ಬೆನ್ನೆಲುಬು ಚಲನೆಯಲ್ಲಿದ್ದ ಕಾಲ ಅದು ಎಂಬುದನ್ನು ಮಾತ್ರ ಒಪ್ಪಲೇಬೇಕು.

1834ರಿಂದ 1861ರವರೆಗೆ ಮೈಸೂರಿನ ಕಮೀಷನರನಾಗಿದ್ದ ಮಾರ್ಕ್ ಕಬ್ಬನ್ನನ ಆಡಳಿತದಲ್ಲಿ ಸುಮಾರು 1600 ಮೈಲಿಗಳಷ್ಟು ರಸ್ತೆಯೂ 300ಕ್ಕೆ ಮಿಕ್ಕ ಸೇತುವೆಗಳೂ ನಿರ್ಮಾಣವಾಗಿ, ಘಟ್ಟದ ದಾರಿಗಳು ಬಂಡಿಗೆ ತೆರೆದುವು. ಆಗ ಹೇರೆತ್ತಿನ ಕಾಲ ಹಿಂದೆ ಸರಿದು ಬಂಡಿಯ ಕಾಲ ಬಂದಿತು. ಎತ್ತಿನ ವಿಷಯದಲ್ಲಿ ಮೈಸೂರು ಸೀಮೆಯು ಹಿಂದಿನಿಂದಲೂ ಭಾಗ್ಯಶಾಲಿ. ಅರಸರ ಸೈನ್ಯದ ಸಾಗಣೆಗಾಗಿ ಬೆಳೆಸಿದ ಅಮೃತಮಹಲ್ ತಳಿಯ ಕಾವಲುಗಳು ಚಿತ್ರದುರ್ಗದ ಸುತ್ತಣ ಬಯಲಿನಲ್ಲಿಯೇ ಇದ್ದುವು. 1889ರಲ್ಲಿ ರೈಲು ಹರಿಹರವನ್ನು ಮುಟ್ಟಿತು, 1899ರಲ್ಲಿ ಬೀರೂರಿನಿಂದ ಶಿವಮೊಗ್ಗೆಯನ್ನು ಮುಟ್ಟಿತು. ರೈಲು ಬಂದರೆ ಬಂಡಿಯವನ ಅನ್ನ ಹೋಗುವುದೆಂದು ಕೆಲವರು ಹೆದರಿರಬಹುದು. ಆದರೆ ಫಲ ಬೇರೆಯಾಯಿತು. ಜಗಳೂರಿನ ಹತ್ತಿಯೂ ಹೊನ್ನಾಳಿಯ ಧಾನ್ಯವೂ ನಿಲ್ದಾಣದವರೆಗೆ ಹೋಗತಕ್ಕದ್ದು ಬಂಡಿಯಲ್ಲಿಯೇ ಆದುದರಿಂದ, ರೈಲಿನಿಂದ ವ್ಯಾಪಾರ ಹೆಚ್ಚಿದಷ್ಟೂ ದಾವಣಗೆರೆಯ ದಾರಿಯಲ್ಲಿ ಬಂಡಿಗಳ ಸಾಲು ಉದ್ದವಾಯಿತು.

ಬಂಡಿಯವನು ಮೂಕಿಯ ಬಳಿ ಕುಳಿತು ಕುಲುಕಿದ್ದು ನಿಜ. ಕಬ್ಬಿಣದ ಪಟ್ಟಿಯ ಗಾಲಿಗೆ ಸ್ಪ್ರಿಂಗಿಲ್ಲ, ದಾರಿಗೆ ಡಾಂಬರಿಲ್ಲ. ಆದರೆ ಬಂಡಿಯ ವೇಗವು ಮನುಷ್ಯನ ನಡಿಗೆಯ ವೇಗ. ಏರಿನಲ್ಲಿ ಇಳಿದು ಗಾಲಿಗೆ ಹೆಗಲು ಕೊಡುವುದು, ಇಳಿಜಾರಿನಲ್ಲಿ ಎತ್ತಿನ ಮುಂದೆ ನಡೆಯುವುದು, ಬೇಸರವಾದಾಗ ಬಂಡಿಯ ಪಕ್ಕದಲ್ಲಿ ಹೆಜ್ಜೆಹಾಕುವುದು, ರಾತ್ರಿ ದಾರಿ ಬಲ್ಲ ಎತ್ತುಗಳನ್ನು ನಂಬಿ ಹುಲ್ಲಿನ ಮೇಲೆ ಮಲಗುವುದು, ಈ ಬದಲಾವಣೆಗಳು ಅವನಿಗಿದ್ದುವು. ಬೆನ್ನಿಗೆ ಹೊಸದಾಗಿ ಬಂದ ಕಷ್ಟವು ಬಂಡಿಯ ಮೇಲಲ್ಲ, ನಿಲ್ದಾಣದಲ್ಲಿಯೂ ಮಂಡಿಯಲ್ಲಿಯೂ ಹುಟ್ಟಿತು. ಹೆಚ್ಚು ಸರಕು ಒಂದೆಡೆ ಸೇರಿದಾಗ, ಒಬ್ಬ ಮನುಷ್ಯನು ಒಂದು ಕ್ವಿಂಟಾಲಿನ ಚೀಲವನ್ನು ಕೊಕ್ಕೆಯಿಂದ ಸೆಳೆದು ಬೆನ್ನಿಗೇರಿಸಿಕೊಂಡು ಹಲಗೆಯ ಮೇಲೆ ನಡೆಯುವ ಹಮಾಲಿಯ ವೃತ್ತಿ ಬಲವಾಯಿತು. ಎತ್ತಿನಿಂದ ಇಳಿದ ಹೊರೆಯ ಒಂದು ಪಾಲು ಮನುಷ್ಯನ ಬೆನ್ನಿಗೆ ಬಂದ ಮೊದಲ ಘಟ್ಟ ಇದು.

ಮೋಟಾರು ಈ ಸೀಮೆಗೆ ಕಳೆದ ಶತಮಾನದ ಮೊದಲರ್ಧದಲ್ಲಿ ಮೆಲ್ಲಮೆಲ್ಲನೆ ಪ್ರವೇಶಿಸಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿನ ಅಭಾವದಿಂದ ಇದ್ದಿಲ ಗ್ಯಾಸಿನ ಒಲೆಯನ್ನು ಬೆನ್ನಿಗೆ ಕಟ್ಟಿಕೊಂಡು ಓಡಿದ ವಾಹನಗಳನ್ನು ನೋಡಿದ ವೃದ್ಧರು ಇತ್ತೀಚಿನವರೆಗೂ ನಮ್ಮ ನಡುವೆ ಇದ್ದರು. ಯುದ್ಧ ಮುಗಿದ ಮೇಲೆ ಸೈನ್ಯವು ವಿಲೇವಾರಿ ಮಾಡಿದ ಲಾರಿಗಳು ದೇಶದ ಎಲ್ಲ ಕಡೆ ಸಾಹಸಿಗಳ ಕೈಸೇರಿದುವು. 1948ರ ಸೆಪ್ಟೆಂಬರಿನಲ್ಲಿ ಮೈಸೂರು ಸರ್ಕಾರವು 120 ಬಸ್ಸುಗಳೊಡನೆ ರಸ್ತೆಸಾರಿಗೆಯ ಇಲಾಖೆಯನ್ನು ಆರಂಭಿಸಿತು. ಹೀಗೆ ಬಸ್ಸು ಕ್ರಮೇಣ ಸರ್ಕಾರದ ಕಡೆಗೆ ಹೋದಾಗ ಲಾರಿಯು ಖಾಸಗಿಯವರ ಪಾಲಿಗೆ ಉಳಿಯಿತು. 1954ರಲ್ಲಿ ಟಾಟಾ ಕಂಪನಿಯು ಜರ್ಮನಿಯ ಬೆಂಜ್ ಸಂಸ್ಥೆಯೊಡನೆ ಕೂಡಿ ಜಮಶೇಡಪುರದಲ್ಲಿ ಲಾರಿಗಳನ್ನು ತಯಾರಿಸತೊಡಗಿತು. ಅದರ ಮರುವರ್ಷ ಮದರಾಸಿನ ಅಶೋಕ್ ಮೋಟಾರ್ಸ್ ಸಂಸ್ಥೆ ಅಶೋಕ್ ಲೇಲ್ಯಾಂಡ್ ಆಯಿತು. ಭದ್ರಾ ಜಲಾಶಯದ ಕಾಲುವೆಗಳು ಚನ್ನಗಿರಿ ಹೊನ್ನಾಳಿಗಳ ಕಡೆಗೆ ನೀರು ಹರಿಸಿ ಭತ್ತದ ರಾಶಿಯನ್ನು ಬೆಳೆಯಿಸಿದ ಕಾಲವೂ ಇದೇ ಆದುದರಿಂದ, ಲಾರಿಗೆ ಸರಕಿನ ಕೊರತೆಯಾಗಲಿಲ್ಲ.

ಆ ಕಾಲದ ಲಾರಿಯಲ್ಲಿ ಚಾಲಕನಿಗೆ ದೊರೆತ ಸ್ಥಾನವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಕಾರ್ಖಾನೆಯಿಂದ ಬರುತ್ತಿದ್ದುದು ಬಹುಮಟ್ಟಿಗೆ ಎಂಜಿನ್ನು, ಚಾಸಿ, ಮುಂಭಾಗದ ಮುಖ ಇಷ್ಟೇ. ಹಿಂದಿನ ತೊಟ್ಟಿಯನ್ನೂ ಚಾಲಕನ ಕೋಣೆಯನ್ನೂ ಊರಿನ ಬಡಗಿಗಳು ಮರದಿಂದ ಕಟ್ಟುತ್ತಿದ್ದರು. ಬಾಗಿಲಿನ ಮೇಲೆ ಬಣ್ಣದ ಹೂಬಳ್ಳಿಗೂ ಹಣೆಯ ಮೇಲೆ ಮನೆದೇವರ ಹೆಸರಿಗೂ ತೋರಿದ ಶ್ರದ್ಧೆಯನ್ನು ಚಾಲಕನ ಸೀಟಿಗೆ ತೋರಿದವರು ಕಡಮೆ. ನೆಟ್ಟಗೆ ನಿಂತ ಹಲಗೆಯ ಒರಗು, ತೆಳುವಾದ ಮೆತ್ತೆ, ಮುಂದಕ್ಕೂ ಹಿಂದಕ್ಕೂ ಸರಿಯದ ಆಸನ, ಪಕ್ಕದಲ್ಲಿ ಎಂಜಿನ್ನಿನ ಕಾವು. ಭಾರದ ಲಾರಿಯನ್ನು ತಿರುಗಿಸುವಾಗ ಎರಡು ತೋಳುಗಳಿಂದಲೂ ನಡುವಿನಿಂದಲೂ ಬಲಹಾಕಿ ಸೆಳೆಯಬೇಕಾದ ದೊಡ್ಡ ಸ್ಟೇರಿಂಗು. ಘಟ್ಟದಲ್ಲಿ ಮತ್ತೆ ಮತ್ತೆ ತುಳಿಯಬೇಕಾದ ಗಡಸು ಕ್ಲಚ್ಚು. ಲಾರಿಯ ಸ್ಪ್ರಿಂಗಿನ ಪಾಟಾಗಳು ಟನ್ನುಗಟ್ಟಲೆ ಹೊರೆಯನ್ನು ತಾಳಲು ರಚಿತವಾದವು. ಆದುದರಿಂದ ತುಂಬಿದ ಲಾರಿಗಿಂತ ಖಾಲಿ ಲಾರಿಯು ಚಾಲಕನನ್ನು ಹೆಚ್ಚು ಕುಕ್ಕುತ್ತಿದ್ದಿತು, ಸರಕು ಇಳಿಸಿ ಮರಳುವ ದಾರಿಯಲ್ಲಿಯೂ ಅವನ ನಡುವಿಗೆ ವಿರಾಮವಿರುತ್ತಿರಲಿಲ್ಲ. ಎತ್ತಿನೊಡನೆ ನಡೆದ ಮನುಷ್ಯನು ಈಗ ಕುಳಿತನು, ಕುಳಿತಲ್ಲಿಯೇ ಕುಲುಕಿದನು, ಇಳಿದು ನಡೆಯುವ ಬದಲಾವಣೆಯನ್ನು ಯಂತ್ರದ ವೇಗವು ಅವನಿಂದ ಕಸಿದುಕೊಂಡಿತು.

ಈ ವೃತ್ತಿಯ ದೀಕ್ಷೆಯೂ ಬೆನ್ನಿನಿಂದಲೇ ಮೊದಲಾಗುತ್ತಿದ್ದಿತು. ಚಾಲಕನಾಗುವವನು ಶಾಲೆಯಲ್ಲಿ ಕಲಿತವನಲ್ಲ. ಹದಿನೈದು ಹದಿನಾರರ ವಯಸ್ಸಿನಲ್ಲಿ ಯಾವನೋ ಬಂಧುವಿನ ಲಾರಿಗೆ ಕ್ಲೀನರಾಗಿ ಸೇರಿ, ಗಾಜು ಒರೆಸಿ, ನೀರು ಹೊತ್ತು, ತಾಡಪಾಲು ಹೊದಿಸಿ ಹಗ್ಗ ಬಿಗಿದು, ಪಂಕ್ಚರಾದ ಗಾಲಿಯನ್ನು ಕಳಚಿ ಎತ್ತಿಕೂರಿಸಿ, ಘಟ್ಟದಲ್ಲಿ ಲಾರಿ ಹಿಂದಕ್ಕೆ ಜಾರದಂತೆ ಓಡಿಹೋಗಿ ಗಾಲಿಗೆ ಕಲ್ಲುಕೊಟ್ಟು, ಹಮಾಲರು ಸಾಲದಾದಲ್ಲಿ ಚೀಲಕ್ಕೂ ಕೈಹಾಕಿ, ಇಷ್ಟೆಲ್ಲ ವರ್ಷಗಟ್ಟಲೆ ಮಾಡಿದ ಮೇಲೆ ಒಂದು ದಿನ ಗುರುವು ಖಾಲಿ ರಸ್ತೆಯಲ್ಲಿ ಸ್ಟೇರಿಂಗನ್ನು ಅವನ ಕೈಗೆ ಕೊಡುತ್ತಿದ್ದನು. ಹೀಗೆ ಕಲಿತ ವಿದ್ಯೆಯಲ್ಲಿ ನಿಷ್ಠೆಯಿತ್ತು. ಎಂಜಿನ್ನಿನ ಸದ್ದಿನಿಂದಲೇ ರೋಗವನ್ನು ಹೇಳಬಲ್ಲ ಸೂಕ್ಷ್ಮತೆಯೂ ಇದರಿಂದಲೇ ಬಂದಿತು. ಆದರೆ ಎಲುಬು ಬಲಿಯುವ ವಯಸ್ಸಿನಲ್ಲಿ ಹೊತ್ತ ಭಾರದ ಫಲವಾಗಿ, ಚಾಲಕನ ಬ್ಯಾಡ್ಜು ಕೈಗೆ ಬರುವುದಕ್ಕೆ ಮುಂಚೆಯೇ ಎಷ್ಟೋ ಮಂದಿಯ ನಡುವಿನಲ್ಲಿ ಚಳಕು ಮನೆಮಾಡಿಬಿಡುತ್ತಿದ್ದಿತು. ನಡುನೋವಿದ್ದೂ ಲಾರಿಯ ವೃತ್ತಿಯನ್ನು ಆರಂಭಿಸುವುದು ಇಂದಿನ ಹೊಸ ಸಮಸ್ಯೆಯೆಂದು ಯಾರಾದರೂ ತಿಳಿದರೆ ಅದು ಸರಿಯಲ್ಲ; ಈ ವೃತ್ತಿಯ ಬಾಗಿಲಿನಲ್ಲಿಯೇ ಅದು ಕುಳಿತಿದ್ದಿತು.

ಕಾಲಕ್ರಮದಲ್ಲಿ ಹೊರೆಯ ಸ್ವರೂಪವೂ ದಾರಿಯ ದೂರವೂ ಬದಲಾದುವು. ಚನ್ನಗಿರಿಯಲ್ಲಿ ಗದ್ದೆಗಳು ತೋಟಗಳಾಗಿ, ತುಮ್ಕೋಸ್‌ನಂತಹ ಸಹಕಾರ ಸಂಘಗಳ ಮೂಲಕ ಮಾರಾಟವಾದ ಅಡಿಕೆಯು ಉತ್ತರಭಾರತದ ದೂರದ ಪೇಟೆಗಳಿಗೆ ಹೊರಟಿತು. ಭತ್ತ ಜೋಳಗಳ ಜಾಗದಲ್ಲಿ ಮೆಕ್ಕೆಜೋಳ ಹಬ್ಬಿ, ಕೋಳಿಯ ಆಹಾರಕ್ಕಾಗಿ ತಮಿಳುನಾಡಿನ ನಾಮಕ್ಕಲ್ಲಿನ ಕಡೆಗೆ ಲಾರಿಗಳು ಸಾಲುಗಟ್ಟಿದುವು. ಜಗಳೂರಿನ ಈರುಳ್ಳಿ ಕೆಡುವ ಮೊದಲು ಯಶವಂತಪುರದ ಮಾರುಕಟ್ಟೆಯನ್ನು ಬೆಳಗಾಗುವುದರೊಳಗೆ ಸೇರಬೇಕಾದ ಅವಸರವು ಚಾಲಕನ ರಾತ್ರಿಯ ನಿದ್ದೆಯನ್ನು ನುಂಗಿತು. ಸೊಲ್ಲಾಪುರದಿಂದ ಮಂಗಳೂರಿಗೆ ಹೋಗುತ್ತಿದ್ದ ಹಳೆಯ 13ನೆಯ ರಾಷ್ಟ್ರೀಯ ಹೆದ್ದಾರಿಯು ಜಗಳೂರು ಸೀಮೆಯ ಪಕ್ಕದಲ್ಲಿಯೂ ಚನ್ನಗಿರಿಯಲ್ಲಿಯೂ ಹಾಯುತ್ತಿದ್ದಿತು. ಈ ಶತಮಾನದ ಮೊದಲ ದಶಕದಲ್ಲಿ ಹೊಸಪೇಟೆ ಚಿತ್ರದುರ್ಗಗಳ ನಡುವಿನ ಅದರ ಭಾಗವು ಬಳ್ಳಾರಿಯ ಕಬ್ಬಿಣದ ಅದಿರಿನ ಲಾರಿಗಳಿಂದ ಹಗಲಿರುಳೂ ತುಂಬಿ, ಮಿತಿಮೀರಿದ ಭಾರದಿಂದ ನಜ್ಜುಗುಜ್ಜಾಯಿತು. ಹೆಚ್ಚು ಟ್ರಿಪ್ಪು ಹೊಡೆದವನಿಗೆ ಹೆಚ್ಚು ಹಣ ಎಂಬ ಆ ಕಾಲದ ಧಾವಂತದಲ್ಲಿ, ಗುಂಡಿಬಿದ್ದ ರಸ್ತೆಯ ಪೆಟ್ಟುಗಳೆಲ್ಲ ಸಂದಾಯವಾದುದು ಚಾಲಕನ ಬೆನ್ನಿಗೆ. 2010ರ ಜುಲೈಯಲ್ಲಿ ರಾಜ್ಯಸರ್ಕಾರವು ಅದಿರಿನ ರಫ್ತನ್ನು ನಿಲ್ಲಿಸಿತು. ಮರುವರ್ಷದ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ಗಣಿಗಾರಿಕೆಯನ್ನೇ ತಡೆಯಿತು. ಲಾರಿಗಳು ನಿಂತುವು, ಸಾಲದ ಕಂತುಗಳು ನಿಲ್ಲಲಿಲ್ಲ. ಆ ದಶಕದಲ್ಲಿ ಬೆನ್ನಿಗೆ ಬಂದ ನೋವು ನಿಲ್ಲುವ ಮಾತೇ ಇರಲಿಲ್ಲ.

ಈ ನೋವಿನ ಸ್ವರೂಪವನ್ನು ಬಲ್ಲವರು ಪೂರ್ವದಲ್ಲಿಯೂ ಇದ್ದರು. ಚರಕಸಂಹಿತೆಯು ವಾತವ್ಯಾಧಿಗಳಲ್ಲಿ ಗೃಧ್ರಸಿಯನ್ನು ಎಣಿಸಿ, ಪೃಷ್ಠದಲ್ಲಿ ಮೊದಲಾದ ನೋವು ತೊಡೆ, ಮೊಣಕಾಲು, ಮೀನಖಂಡಗಳಲ್ಲಿ ಇಳಿದು ಪಾದವನ್ನು ಮುಟ್ಟುವ ಕ್ರಮವನ್ನು ವರ್ಣಿಸಿದೆ. ಇಂದಿನ ವೈದ್ಯರು ಸಯಾಟಿಕಾ ಎನ್ನುವ ಬಾಧೆಯ ನಡೆಯೂ ಅದೇ. ಬೆನ್ನುಮೂಳೆಯ ಮಣಿಗಳ ನಡುವಿನ ಮೆತ್ತೆಯು ಹೊರಚಾಚಿ ನರವನ್ನು ಒತ್ತುವುದೇ ಇಂತಹ ನೋವಿಗೆ ಮುಖ್ಯ ಕಾರಣವೆಂಬುದನ್ನು 1934ರಲ್ಲಿ ಅಮೆರಿಕದ ಮಿಕ್ಸ್ಟರ್ ಮತ್ತು ಬಾರ್ ಎಂಬ ವೈದ್ಯರು ಲೋಕಕ್ಕೆ ಸ್ಪಷ್ಟಪಡಿಸಿದರು. ಸ್ವೀಡನ್ನಿನ ನಾಕೆಮ್ಸನ್ ಎಂಬ ಮೂಳೆತಜ್ಞನು 1960ರ ದಶಕದಲ್ಲಿ ಜೀವಂತ ಮನುಷ್ಯರ ಬೆನ್ನಿನ ಆ ಮೆತ್ತೆಯೊಳಗಿನ ಒತ್ತಡವನ್ನು ಸೂಜಿಯಿಂದ ಅಳೆದು, ಒರಗಿಲ್ಲದೆ ಕುಳಿತವನಲ್ಲಿ ಅದು ನಿಂತವನಿಗಿಂತ ಹೆಚ್ಚೆಂದು ಕಂಡನು. ಆ ಅಂತರವು ಅಷ್ಟು ದೊಡ್ಡದಲ್ಲವೆಂದು ಮುಂದಿನ ಅಳತೆಗಳು ಹೇಳಿದರೂ, ಮುಂದಕ್ಕೆ ಬಾಗಿ ಭಾರವೆತ್ತುವಾಗ ಒತ್ತಡವು ಬಹುವಾಗಿ ಏರುವುದೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಕುಳಿತ ಮನುಷ್ಯನ ಬೆನ್ನೆಲುಬು ಸೆಕೆಂಡಿಗೆ ಸುಮಾರು 4ರಿಂದ 6 ಬಾರಿಯ ಕಂಪನಕ್ಕೆ ಅತಿಯಾಗಿ ಸ್ಪಂದಿಸುತ್ತದೆ. ಭಾರದ ವಾಹನಗಳು ಒರಟು ರಸ್ತೆಯಲ್ಲಿ ಹುಟ್ಟಿಸುವ ಕಂಪನವು ಈ ಮಿತಿಗೆ ಸಮೀಪವಾಗಿರುವುದೇ ಚಾಲಕನ ದೌರ್ಭಾಗ್ಯ. ಈ ಸಂಬಂಧವನ್ನು ಒಪ್ಪಿ ಜರ್ಮನಿಯು 1993ರಿಂದ, ದೀರ್ಘಕಾಲ ಕುಳಿತು ಕಂಪನವನ್ನು ಅನುಭವಿಸಿದವರ ಕೆಳಬೆನ್ನಿನ ಮೆತ್ತೆಯ ರೋಗವನ್ನು ವೃತ್ತಿರೋಗಗಳ ಪಟ್ಟಿಯಲ್ಲಿ ಸೇರಿಸಿದೆ. ನಮ್ಮಲ್ಲಿ ಅದೇ ನೋವಿಗೆ ಲಕ್ಕಿಸೊಪ್ಪಿನ ಶಾಖ, ಎಣ್ಣೆಯ ನೀವುವಿಕೆ, ಔಷಧದಂಗಡಿಯ ಗುಳಿಗೆ, ಸೊಂಟದ ಬೆಲ್ಟು ಇವೇ ಗತಿಯಾಗಿ, ಅದನ್ನು ಚಾಲಕನ ಹಣೆಬರಹವೆಂದು ಭಾವಿಸುವ ಅಭ್ಯಾಸ ಬೆಳೆದುಬಂದಿದೆ.

ಇನ್ನು ನಮ್ಮ ಕಾಯಿದೆಗಳು ಏನು ಮಾಡಿದುವು ಎಂಬುದನ್ನು ನೋಡೋಣ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಯ ದುಡಿಮೆಯನ್ನೂ, 5 ಗಂಟೆಗಳಿಗೊಮ್ಮೆ ಅರ್ಧ ಗಂಟೆಯ ವಿರಾಮವನ್ನೂ ಗೊತ್ತುಪಡಿಸಿತು. ಆದರೆ ಅದು ಅನ್ವಯವಾಗುತ್ತಿದ್ದುದು ಐವರು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ. 1988ರ ಮೋಟಾರು ವಾಹನ ಕಾಯಿದೆಯ 91ನೆಯ ಕಲಮು ಅದೇ ಗಂಟೆಗಳನ್ನು ಸರಕು ಸಾಗಣೆಯ ಎಲ್ಲ ಚಾಲಕರಿಗೂ ವಿಸ್ತರಿಸಿತು. ಇದಕ್ಕೂ ಹಿಂದೆ, 1965ರಲ್ಲಿ, ಭಾರ ಎಳೆಯುವ ಮತ್ತು ಹೊರುವ ಪಶುಗಳ ವಿಷಯದಲ್ಲಿ ಕೇಂದ್ರಸರ್ಕಾರವು ಮಾಡಿದ ನಿಯಮಗಳೂ ಇವೆ: ದೊಡ್ಡ ಎತ್ತಿನ ಬೆನ್ನಿನ ಮೇಲೆ 175 ಕಿಲೋಗಿಂತಲೂ, ಸಣ್ಣದರ ಮೇಲೆ 100 ಕಿಲೋಗಿಂತಲೂ ಹೆಚ್ಚು ಹೇರಕೂಡದು, ದಿನಕ್ಕೆ 9 ಗಂಟೆಗಿಂತ ಹೆಚ್ಚು ದುಡಿಸಕೂಡದು, 5 ಗಂಟೆಗಿಂತ ಹೆಚ್ಚು ಕಾಲ ಎಡೆಬಿಡದೆ ನಡೆಸಕೂಡದು, ಬಿಸಿಲು 37 ಡಿಗ್ರಿಯನ್ನು ಮೀರಿದ ಕಡೆ ನಡುಹಗಲಿನ 12ರಿಂದ 3 ಗಂಟೆಯವರೆಗೆ ದುಡಿಸಲೇಕೂಡದು. ಈ ನಿಯಮಗಳು ಧರ್ಮಸಮ್ಮತವಾದುವು, ಪಶುವಿಗೆ ಸಲ್ಲತಕ್ಕವು. ಅವುಗಳಲ್ಲಿ ಒಂದಕ್ಷರವನ್ನೂ ಕಡಮೆಮಾಡಬೇಕೆಂದು ಯಾರೂ ಹೇಳಲಾರರು. ಆದರೆ ಎತ್ತಿನ ಬೆನ್ನನ್ನು ಹೆಸರಿಸಿ, ಅದು ತಾಳುವ ಭಾರವನ್ನು ಕಿಲೋ ಲೆಕ್ಕದಲ್ಲಿ ಬರೆದ ನಾವು, ಚಾಲಕನ ಬೆನ್ನು ತಾಳುವ ಕಂಪನವನ್ನು ಯಾವ ನಿಯಮದಲ್ಲಿಯೂ ಅಷ್ಟು ನಿಖರವಾಗಿ ಬರೆಯದೆ ಹೋದುದು ನಮ್ಮ ಕರ್ತವ್ಯಲೋಪವೆಂದೇ ನನ್ನ ದೃಢವಾದ ಅಭಿಪ್ರಾಯ. ಗಂಟೆಗಳ ನಿಯಮವು ಪುಸ್ತಕದಲ್ಲಿದ್ದರೂ, ದುಡಿಮೆಯ ಪ್ರತಿಫಲವು ಟ್ರಿಪ್ಪಿನ ಲೆಕ್ಕದಲ್ಲಿ ಸಿಗುವವರೆಗೆ ಗಂಟೆಗಳನ್ನು ಎಣಿಸುವವರಾರು?

ಲೈಸೆನ್ಸಿನ ವಿಷಯವೂ ಹೀಗೆಯೇ. ಸಾರಿಗೆ ವಾಹನ ಚಲಾಯಿಸುವವನಿಗೆ 20 ವರ್ಷ ತುಂಬಿರಬೇಕು, ಲಘುವಾಹನದ ಲೈಸೆನ್ಸು ಪಡೆದು ಒಂದು ವರ್ಷವಾದರೂ ಆಗಿರಬೇಕು, ವೈದ್ಯರ ಪ್ರಮಾಣಪತ್ರವಿರಬೇಕು. ಆ ಪತ್ರವು ಕಣ್ಣಿನ ದೋಷವನ್ನೂ, ಬಣ್ಣ ಗುರುತಿಸುವ ಶಕ್ತಿಯನ್ನೂ, ಕಿವಿಯನ್ನೂ, ರಾತ್ರಿಕುರುಡನ್ನೂ, ಅಂಗವೈಕಲ್ಯವನ್ನೂ ವಿಚಾರಿಸುತ್ತದೆ; ಬೆನ್ನನ್ನು ಹೆಸರಿಸಿ ಕೇಳುವುದಿಲ್ಲ. ಕೇಳಿದ್ದರೆ ಬಡವನ ಅನ್ನಕ್ಕೆ ಕಲ್ಲು ಬೀಳುತ್ತಿತ್ತೆಂದು ಕೆಲವರು ವಾದಿಸಬಹುದು. ಆ ವಾದದಲ್ಲಿ ಸತ್ಯವಿದೆ. ನಡುನೋವಿದ್ದವನನ್ನು ವೃತ್ತಿಯಿಂದ ಹೊರಗಿಡಲು ಆ ಪ್ರಶ್ನೆಯನ್ನು ಬಳಸಿದರೆ ಅದು ಅನ್ಯಾಯ. ಅವನಿಗೆ ತಕ್ಕ ಸೀಟನ್ನೂ ತಕ್ಕ ದೂರವನ್ನೂ ತಕ್ಕ ಸಲಹೆಯನ್ನೂ ಕೊಡುವುದಕ್ಕಾಗಿ ಬಳಸಿದರೆ ಅದು ರಕ್ಷೆ.

ಯಂತ್ರದ ಕಡೆಯಿಂದ ಈಚೆಗೆ ಕೆಲವು ಸುಧಾರಣೆಗಳು ಬಂದಿರುವುದನ್ನು ಸಂತೋಷದಿಂದ ಹೇಳಬೇಕು. ಪವರ್ ಸ್ಟೇರಿಂಗು ಸಾಮಾನ್ಯವಾಗಿ, ಹೆಗಲಿನ ಮತ್ತು ನಡುವಿನ ಸೆಳೆತ ಕಡಮೆಯಾಗಿದೆ. ಕಾರ್ಖಾನೆಯಲ್ಲಿಯೇ ಕಟ್ಟಿದ ಕೋಣೆಗಳಲ್ಲಿ ಚಾಲಕನ ಮೈಗೆ ಹೊಂದಿಸಬಹುದಾದ ಸೀಟುಗಳೂ, ಕೆಲವು ಲಾರಿಗಳಲ್ಲಿ ಗಾಳಿಯ ಒತ್ತಡದ ಮೇಲೆ ತೇಲುವ ಸೀಟುಗಳೂ ಬಂದಿವೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಭಾರದ ಲಾರಿಗಳ ಚಾಲಕಕೋಣೆಗೆ ಹವಾನಿಯಂತ್ರಣವು ಕಡ್ಡಾಯವಾಗಿದೆ. ಆದರೆ ನಮ್ಮ ಊರುಗಳಲ್ಲಿ ಮೊದಲ ಲಾರಿಯೆಂದರೆ ಬಹಳ ಮಂದಿಗೆ ಎರಡನೆಯ ಅಥವಾ ಮೂರನೆಯ ಕೈಯಿಂದ ಬಂದ ಹಳೆಯ ಗಾಡಿ; ಹೊಸ ನಿಯಮದ ಫಲ ಅಲ್ಲಿಯವರೆಗೆ ಬರಲು ಅನೇಕ ವರ್ಷಗಳು ಬೇಕು. 2018ರ ಜುಲೈಯಲ್ಲಿ ಎರಡು ಅಚ್ಚಿನ ಲಾರಿಯ ಒಟ್ಟು ಭಾರಮಿತಿಯು 16.2 ಟನ್ನಿನಿಂದ 18.5 ಟನ್ನಿಗೆ ಏರಿತು. ಹೊರೆಯ ಮಿತಿ ಏರಿಸಿದಷ್ಟು ಸುಲಭವಾಗಿ ಸೀಟು ಬದಲಾಗುವುದಿಲ್ಲ.

ಇಷ್ಟರಿಂದ ಹೊಸದಾಗಿ ಈ ವೃತ್ತಿಗೆ ಬರುವ, ಬರುವಾಗಲೇ ನಡುನೋವುಳ್ಳ ತರುಣನು ತಿಳಿಯತಕ್ಕದ್ದೇನು? ಕುಳಿತು ಮಾಡುವ ಕೆಲಸವಾದುದರಿಂದ ಬೆನ್ನಿಗೆ ಹಿತವೆಂಬ ನಂಬಿಕೆಯನ್ನು ಮೊದಲು ಬಿಡಬೇಕು. ಬೆನ್ನು ನೊಂದಿರುವುದರಿಂದ ಈ ವೃತ್ತಿಯೇ ಅಸಾಧ್ಯವೆಂಬ ನಿರಾಶೆಯನ್ನೂ ಬಿಡಬೇಕು. ಸ್ಟೇರಿಂಗು ಹಿಡಿಯುವುದಕ್ಕೆ ಮುಂಚೆ ತನ್ನ ನೋವಿನ ಕಾರಣವನ್ನು ಬಲ್ಲ ವೈದ್ಯರಲ್ಲಿ ತೋರಿಸಬೇಕು; ದಾವಣಗೆರೆಯಲ್ಲಿ 1965ರಿಂದ ವೈದ್ಯಕೀಯ ಕಾಲೇಜಿದೆ, ಚಿಗಟೇರಿ ಜಿಲ್ಲಾ ಆಸ್ಪತ್ರೆಯಿದೆ, ಬಸ್ಸಿನ ದಾರಿಯ ದೂರದಲ್ಲಿ ಇಂತಹ ಆಸರೆಯಿರುವಾಗ ಗುಳಿಗೆಯಂಗಡಿಯನ್ನೇ ನಂಬುವುದು ವಿವೇಕವಲ್ಲ. ನೋವಿನ ಗುಳಿಗೆಗಳಲ್ಲಿ ಕೆಲವು ತೂಕಡಿಕೆ ತರುವಂಥವು, ಕೆಲವು ನಿತ್ಯ ನುಂಗಿದರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಕೇಡು ಮಾಡುವಂಥವು. ಮೊದಲ ವರ್ಷಗಳಲ್ಲಿ ರಾತ್ರಿಯಿಡೀ ಓಡುವ ದೂರದ ದಾರಿಗಿಂತ, ಚನ್ನಗಿರಿಯಿಂದ ಶಿವಮೊಗ್ಗೆಗೋ ಜಗಳೂರಿನಿಂದ ದಾವಣಗೆರೆಗೋ ಹೋಗಿಬರುವ ಹತ್ತಿರದ ಬಾಡಿಗೆಯನ್ನು ಆರಿಸಿಕೊಳ್ಳುವುದು ಮೇಲು. ಸೀಟನ್ನು ಮುಂದಕ್ಕೆ ಸರಿಸಿ, ಕ್ಲಚ್ಚು ತುಳಿದಾಗಲೂ ನಡುವು ಒರಗನ್ನು ಬಿಡದಂತೆ ಹೊಂದಿಸಿ, ಕೆಳಬೆನ್ನಿನ ಕುಳಿಗೆ ಒಂದು ಸಣ್ಣ ಮೆತ್ತೆಯನ್ನು ಇಟ್ಟುಕೊಳ್ಳಬೇಕು. ಎರಡು ಗಂಟೆಗೊಮ್ಮೆಯಾದರೂ ಇಳಿದು, ಲಾರಿಯ ಸುತ್ತ ಗಾಲಿ ಹಗ್ಗಗಳನ್ನು ನೋಡುತ್ತ ನಡೆದಾಡಬೇಕು. ಪೂರ್ವದ ಹೇರಿನವನು ಅನಿವಾರ್ಯವಾಗಿ ಮಾಡಿದ್ದನ್ನು ಇಂದಿನವನು ಬುದ್ಧಿಪೂರ್ವಕವಾಗಿ ಮಾಡಬೇಕು. ದೀರ್ಘಕಾಲ ಕುಳಿತು ಕುಲುಕಿದ ಬೆನ್ನು ಭಾರಕ್ಕೆ ಸಿದ್ಧವಾಗಿರುವುದಿಲ್ಲವಾದುದರಿಂದ, ಇಳಿದ ತಕ್ಷಣ ಚೀಲಕ್ಕೆ ಕೈಹಾಕಲೇಕೂಡದು. ಮಾರುಕಟ್ಟೆಯಲ್ಲಿ ಹಮಾಲಿ ಬೇರೆ ವೃತ್ತಿ, ಅದರ ಕೂಲಿ ಬೇರೆ, ಅದನ್ನು ಚಾಲಕನ ಮೇಲೆ ಹೇರಲು ಯಾರಿಗೂ ಅಧಿಕಾರವಿಲ್ಲ. ನೋವು ಬಂದಾಗ ವಾರಗಟ್ಟಲೆ ಮಲಗುವುದಕ್ಕಿಂತ ಸಾಧ್ಯವಾದಷ್ಟು ನಡೆದಾಡುವುದೇ ಹಿತವೆಂದು ಇಂದಿನ ವೈದ್ಯಶಾಸ್ತ್ರವು ಹೇಳುತ್ತದೆ. ಆದರೆ ಕಾಲಿನಲ್ಲಿ ಬಲಗುಂದಿದರೆ, ತೊಡೆಯ ಸಂದಿಯಲ್ಲಿ ಮರಗಟ್ಟಿದರೆ, ಮಲಮೂತ್ರಗಳ ಹಿಡಿತ ತಪ್ಪಿದರೆ, ಲಾರಿಯನ್ನು ನಿಂತಲ್ಲಿಯೇ ಬಿಟ್ಟು ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಗಂಟೆಗಳ ವಿಳಂಬವೂ ಜೀವಮಾನದ ಅಂಗವೈಕಲ್ಯಕ್ಕೆ ಕಾರಣವಾದೀತು.

ಇವೆಲ್ಲ ಒಬ್ಬ ಚಾಲಕನು ತನ್ನಷ್ಟಕ್ಕೆ ಮಾಡಿಕೊಳ್ಳಬಹುದಾದ ಎಚ್ಚರಿಕೆಗಳು. ಆದರೆ ಎಚ್ಚರಿಕೆಯ ಭಾರವನ್ನೂ ಅವನೊಬ್ಬನ ಬೆನ್ನಿಗೇ ಹೇರುವುದು ನ್ಯಾಯವಲ್ಲ. 2024ರಲ್ಲಿ ಕರ್ನಾಟಕದ ವಿಧಾನಮಂಡಲವು ಮೋಟಾರು ಸಾರಿಗೆ ಮತ್ತು ಸಂಬಂಧಿತ ಕಾರ್ಮಿಕರ ಸಾಮಾಜಿಕ ಭದ್ರತೆ ಹಾಗೂ ಕಲ್ಯಾಣಕ್ಕಾಗಿ ಕಾಯಿದೆಯನ್ನು ಮಾಡಿದೆ. ಅದರ ಆಶ್ರಯದಲ್ಲಿ ಮಂಡಳಿಯೂ ಏರ್ಪಟ್ಟಿದೆ. ಅಪಘಾತದಲ್ಲಿ ಒಂದೇ ಕ್ಷಣಕ್ಕೆ ಮುರಿದ ಎಲುಬಿನ ಕಡೆಗೆ ತಿರುಗುವ ಸಮಾಜದ ದೃಷ್ಟಿಯು, ಇಪ್ಪತ್ತು ವರ್ಷಗಳಲ್ಲಿ ದಿನದಿನವೂ ಸವೆದ ಎಲುಬಿನ ಕಡೆಗೂ ತಿರುಗಬೇಕು. ಆ ಮಂಡಳಿಯವರು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಲಾರಿನಿಲ್ದಾಣಗಳಲ್ಲಿ ವರ್ಷಕ್ಕೊಮ್ಮೆಯಾದರೂ ಚಾಲಕರ ಬೆನ್ನಿನ ತಪಾಸಣೆಯನ್ನು ಏರ್ಪಡಿಸಲಿ. ಕೆಳಬೆನ್ನಿನ ರೋಗವನ್ನು ಈ ವೃತ್ತಿಯ ರೋಗವೆಂದು ಒಪ್ಪುವ ಕಡೆಗೆ ಸರ್ಕಾರಗಳು ಮನಸ್ಸು ಮಾಡಲಿ. ಲಾರಿಯ ಮಾಲೀಕರು ಹೊಸ ಟಯರಿಗೆ ಹಣವಿಡುವಾಗ ಒಂದು ಒಳ್ಳೆಯ ಸೀಟಿಗೂ ಇಡಲಿ. ಅಡಿಕೆ, ಭತ್ತ, ಮೆಕ್ಕೆಜೋಳ ಬೆಳೆದು ಪೇಟೆಗೆ ಕಳುಹಿಸುವ ನಾವು, ಬಾಡಿಗೆಯನ್ನು ಗೊತ್ತುಮಾಡುವಾಗ ಚಾಲಕನು ಇಳಿದು ನಡೆಯುವ ಹೊತ್ತನ್ನೂ ಲೆಕ್ಕಕ್ಕೆ ಸೇರಿಸೋಣ. ಎತ್ತಿಗೆ ಸಲ್ಲಿಸಿದ ನ್ಯಾಯವನ್ನು ಮನುಷ್ಯನಿಗೂ ಸಲ್ಲಿಸಬೇಕೆಂಬುದೇ ಈ ನಾಲ್ಕು ತಾಲ್ಲೂಕುಗಳ ಪರವಾಗಿ ನನ್ನ ಪ್ರಾರ್ಥನೆ.